ಇಳಿಜಾರಿನವರು ಮಾಡಿದ ಗಾಡಿ

ನಮ್ಮೂರಲ್ಲಿ ನಡುಮಧ್ಯಾಹ್ನದ ಗಂಟೆ ಹೊಡೆದರೆ ಮನೆಮನೆಯಲ್ಲೂ ಜನ ಬಗ್ಗುತ್ತಾರೆ. ದೇವರಿಗೆ ಅಡ್ಡಬೀಳುವುದಕ್ಕಲ್ಲ, ಬೆಣೆ ಬದಲಿಸುವುದಕ್ಕೆ. ಬೆಳಿಗ್ಗೆಯಿಂದ ಮಂಚದ ಪಡುವಣ ಕಾಲುಗಳ ಕೆಳಗಿದ್ದ ಮರದ ಬೆಣೆ ತೆಗೆದು ಮೂಡಣ ಕಾಲುಗಳ ಕೆಳಗೆ ತುರುಕಬೇಕು. ಒಲೆಯ ಕೆಳಗೆ, ಬೀರುವಿನ ಕೆಳಗೆ, ದೇವರ ಮಂಟಪದ ಕೆಳಗೆ, ಎಲ್ಲ ಕಡೆಯೂ ಹಾಗೆಯೇ. ಯಾಕೆಂದರೆ ಊರು ಬೆಳಿಗ್ಗೆ ಪಡುವಣಕ್ಕೆ ವಾಲಿರುತ್ತದೆ, ಮಧ್ಯಾಹ್ನ ಮಗ್ಗುಲು ಬದಲಿಸಿ ಮೂಡಣಕ್ಕೆ ವಾಲುತ್ತದೆ. ನಡುವೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಮಾತ್ರ ಸಮ. ಮಕ್ಕಳು ಗೋಲಿ ಆಡುವುದು ಆಗಲೇ. ರಾತ್ರಿ ಯಾವಾಗಲೋ ಮತ್ತೆ ಹೊರಳುತ್ತದಂತೆ, ಅದನ್ನು ಕಂಡವರಿಲ್ಲ, ಬೆಳಗಾಗುವಾಗ ಎಲ್ಲರೂ ಚಾಪೆ ಸಮೇತ ಪಡುವಣ ಗೋಡೆಗೆ ಅಂಟಿಕೊಂಡಿರುತ್ತೇವೆ ಅಷ್ಟೆ. ಹೊರಗಿನಿಂದ ಬಂದವರು ಇದೇಕೆ ಹೀಗೆ ಎಂದು ಕೇಳಿದರೆ ನಮಗೆ ನಗು ಬರುತ್ತದೆ. ನಿಮ್ಮೂರು ಇಡೀ ದಿನ ಒಂದೇ ಮಗ್ಗುಲಲ್ಲಿ ಹೇಗೆ ಬಿದ್ದಿರುತ್ತಯ್ಯಾ, ಮೈ ನೋಯಲ್ವಾ ಅದಕ್ಕೆ, ಎಂದು ನಾವೇ ತಿರುಗಿ ಕೇಳುತ್ತೇವೆ.

ಊರಿಗೆ ದೊಡ್ಡದು ಅಂತ ಇರುವುದು ಒಂದೇ ಬೀದಿ, ಉದ್ದಬೀದಿ. ಅದರ ಮೂಡಣ ತುದಿಗೆ ಮೂಡಲಕೇರಿ. ಮಾರುಕಟ್ಟೆ, ಶಾಲೆ, ಕಚೇರಿ ಎಲ್ಲ ಅಲ್ಲಿ. ಪಡುವಣ ತುದಿಗೆ ಪಡುವಲಕೇರಿ, ಅಲ್ಲಿ ಗಿರಣಿ, ಕುಲುಮೆ, ಕಾರ್ಖಾನೆ. ಮೂಡಲಕೇರಿಯಲ್ಲಿ ಮನೆ ಇದ್ದು ಪಡುವಲಕೇರಿಯಲ್ಲಿ ಕೆಲಸ ಇದ್ದವನ ಪುಣ್ಯವೇ ಪುಣ್ಯ. ಬೆಳಿಗ್ಗೆ ಹೋಗುವಾಗಲೂ ಇಳಿಜಾರು, ಸಂಜೆ ಬರುವಾಗಲೂ ಇಳಿಜಾರು. ಪಡುವಲಕೇರಿಯಲ್ಲಿ ಮನೆ ಇದ್ದು ಮೂಡಲಕೇರಿಯಲ್ಲಿ ಹೊಟ್ಟೆಪಾಡು ಇದ್ದವರಿಗೆ ಹೋಗುವಾಗಲೂ ಏರು, ಬರುವಾಗಲೂ ಏರು. ಹಾಗಾಗಿ ನಮ್ಮಲ್ಲಿ ಹೆಣ್ಣು ಕೊಡುವಾಗ, ತರುವಾಗ, ಮೊದಲು ಕೇಳುವುದು ಅವರು ಇಳಿಜಾರಿನವರೋ ಏರಿನವರೋ ಎಂದು. ನಿಜ ಹೇಳಬೇಕೆಂದರೆ ಕೇಳುವ ಅಗತ್ಯವೂ ಇಲ್ಲ, ಕಾಲು ನೋಡಿದರೆ ಸಾಕು. ಏರಿನವರ ಮೀನಖಂಡ ತೆಂಗಿನಕಾಯಿಯಷ್ಟು ಗಟ್ಟಿ. ನಮ್ಮದು ಹೇಳಿಕೊಳ್ಳುವಂಥದ್ದಲ್ಲ. ನಮ್ಮ ಗಟ್ಟಿತನವೆಲ್ಲ ಬಲಗೈ ಮುಷ್ಟಿಯಲ್ಲಿದೆ, ಬ್ರೇಕು ಹಿಡಿದೂ ಹಿಡಿದೂ.

ನಾನು ನಿಂಗಾಚಾರಿ, ಮೂಡಲಕೇರಿಯವನು. ಪಡುವಲಕೇರಿಯ ಗಿರಣಿ ಗೋಡೆಯ ಪಕ್ಕ ನಮ್ಮ ಗಾಡಿ ಕಾರ್ಖಾನೆ. ನಾಲ್ಕು ಗಾಲಿಯ ತಳ್ಳುಗಾಡಿ ಮಾಡುವುದು ನಮ್ಮ ಕಸುಬು. ತಳ್ಳುಗಾಡಿ ಅನ್ನುವುದು ಹೆಸರಿಗೆ, ನಮ್ಮ ಪೈಕಿ ಯಾರೂ ಅದನ್ನು ತಳ್ಳಿದ್ದಿಲ್ಲ. ಸಾಮಾನು ತುಂಬಿ, ಮೇಲೆ ಹತ್ತಿ ಕೂತು, ಬ್ರೇಕು ಹಿಡಿದು ಜಾರಿಕೊಂಡು ಬರುವುದು. ಕೆಲಸ ಮಾಡುವವರೆಲ್ಲ ನಮ್ಮ ದಾಯಾದಿಗಳೇ. ಎಲ್ಲರ ಮನೆಯೂ ಮೂಡಲಕೇರಿಯಲ್ಲೇ, ಎಲ್ಲರೂ ಒಬ್ಬನೇ ತಾತನ ಕೈಕೆಳಗೆ ಉಳಿ ಹಿಡಿಯಲು ಕಲಿತವರು. ನನ್ನ ದೊಡ್ಡಪ್ಪನ ಮಗ ಮೌನಾಚಾರಿ ಕಾರ್ಖಾನೆಯ ಎರಡನೇ ಯಜಮಾನ. ಹೆಸರಷ್ಟೇ ಮೌನ, ಬಾಯಿ ಬಿಟ್ಟರೆ ಮುಚ್ಚುವುದಿಲ್ಲ. ಅವನೊಂದು ಮಾತು ಹೇಳಲು ಶುರು ಮಾಡುವಷ್ಟರಲ್ಲಿ ಮಿಕ್ಕವರೆಲ್ಲ ತಲೆಯಾಡಿಸಿರುತ್ತಿದ್ದರು, ಯಾಕೆಂದರೆ ಅದೇ ಮಾತು ಅವರ ತಲೆಯಲ್ಲೂ ಇರುತ್ತಿತ್ತು. ಅದನ್ನು ನಾವು ಒಗ್ಗಟ್ಟು ಎಂದು ಕರೆದುಕೊಂಡು ಹೆಮ್ಮೆಪಡುತ್ತಿದ್ದೆವು.

ಆ ವರ್ಷ ವ್ಯಾಪಾರ ಬಿದ್ದುಹೋಗಿತ್ತು. ಮೂಡಲಕೇರಿಯಲ್ಲಿ ಗಾಡಿ ಇಲ್ಲದ ಮನೆಯೇ ಉಳಿದಿರಲಿಲ್ಲ, ಇದ್ದ ಗಾಡಿಗಳು ಮುರಿಯುವಂಥವೂ ಅಲ್ಲ. ಏನು ಮಾಡುವುದು ಎಂದು ಸಭೆ ಸೇರಿದೆವು. ಎಲ್ಲರ ತಲೆಗೂ ಒಂದೇ ಹೊಳೆಯಿತು, ಬ್ರೇಕು. ಕೈಬ್ರೇಕಿನ ಜೊತೆಗೆ ಕಾಲುಬ್ರೇಕು ಕೂಡಿಸಿದೆವು. ಅದೂ ಖರ್ಚಾಗಲಿಲ್ಲ. ಹಿತ್ತಾಳೆಯ ಬ್ರೇಕು ಮಾಡಿದೆವು. ಕೊನೆಗೆ ಮೌನಾಚಾರಿ ಬ್ರೇಕಿಗೆ ಗೆಜ್ಜೆ ಕಟ್ಟಿದ, ಹಿಡಿದಾಗ ಘಲ್ ಅನ್ನಲಿ ಅಂತ. ಗೆಜ್ಜೆಯ ಗಾಡಿಯನ್ನು ಒಬ್ಬರು ಮದುವೆಗೆ ಬಾಡಿಗೆಗೆ ಒಯ್ದು ಮರುದಿನ ತಂದುಕೊಟ್ಟರು. ಪಡುವಲಕೇರಿಯ ಏರಿನವರು ಒಬ್ಬರೂ ನಮ್ಮ ಗಾಡಿ ಕೊಳ್ಳುತ್ತಿರಲಿಲ್ಲ. ಅವರಿಗೆ ರುಚಿ ಇಲ್ಲ, ಒಳ್ಳೆಯ ಕೆಲಸ ಅಂದರೆ ಏನು ಅಂತ ಗೊತ್ತಿಲ್ಲ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು.

ಏರಿನವರಲ್ಲಿ ನನ್ನ ಒಡಹುಟ್ಟಿದ ತಂಗಿಯೂ ಒಬ್ಬಳು, ದಾಕ್ಷಾಯಣಿ. ನಾವೆಲ್ಲ ಬೇಡ ಬೇಡ ಅಂದರೂ ಪಡುವಲಕೇರಿಯ ದರ್ಜಿಯೊಬ್ಬನನ್ನು ಮೆಚ್ಚಿ ಮದುವೆಯಾದಳು. ಅವನೋ ಮನೆ ಜಗುಲಿಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಏರೂ ಇಲ್ಲದೆ ಇಳಿಜಾರೂ ಇಲ್ಲದೆ ಕೂತ ಪುಣ್ಯಾತ್ಮ. ಹೊಲಿಗೆಯಲ್ಲಿ ಮನೆ ನಡೆಯಲಿಲ್ಲ. ದಾಕ್ಷಿ ಇಡ್ಲಿ ಗಾಡಿ ಹಾಕಿದಳು. ಇಡ್ಲಿ ತಿನ್ನುವವರು ಇರುವುದು ಮೂಡಲಕೇರಿಯ ಮಾರುಕಟ್ಟೆ ಬಾಗಿಲಲ್ಲಿ. ಪಡುವಲಕೇರಿಯವರು ತಿಂಡಿ ಹೊತ್ತಿಗೆ ಏರು ಹಿಡಿದಿರುತ್ತಾರೆ, ಅಲ್ಲಿಗೆ ಕೆಲಸಕ್ಕೆ ಬರುವ ನಾವು ಮನೆಯಲ್ಲೇ ತಿಂದು ಬಂದಿರುತ್ತೇವೆ. ಹಾಗಾಗಿ ಅವಳು ಬೆಳಿಗ್ಗೆ ತುಂಬಿದ ಗಾಡಿ ತಳ್ಳಿಕೊಂಡು ಏರಬೇಕು, ಮಧ್ಯಾಹ್ನ ಊರು ಹೊರಳಿದ ಮೇಲೆ ಮತ್ತೆ ಏರಿಕೊಂಡು ಮನೆಗೆ ಬರಬೇಕು. ಅವಳ ಇಡ್ಲಿಗೆ ಒಳ್ಳೆ ಹೆಸರಿತ್ತು. ಮಾರುಕಟ್ಟೆ ಬಾಗಿಲಿನಿಂದ ನಮ್ಮ ಮನೆಗೆ ಒಂದೇ ತಿರುವು. ಆದರೂ ಅವಳು ತವರಿನ ಹೊಸ್ತಿಲು ತುಳಿಯುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ. ಗಂಡನ ಮನೆ ಸೇರಿದ ಮೇಲೆ ಇವಳಿಗೆ ಸೊಕ್ಕು ಬಂದಿದೆ ಎಂದು ನನ್ನ ಹೆಂಡತಿಯ ಮುಂದೆ ಗೊಣಗುತ್ತಿದ್ದೆ. ಹಾಗಿದ್ದರೂ ಕಳೆದ ಗೌರಿ ಹಬ್ಬಕ್ಕೆ ನನ್ನ ಕೈಯಾರೆ ಒಂದು ಗಾಡಿ ಮಾಡಿ ಬಾಗಿನದ ಜೊತೆ ಕಳಿಸಿದ್ದೆ. ಮುಂದೆರಡು, ಹಿಂದೆರಡು, ಒಟ್ಟು ನಾಲ್ಕು ಬ್ರೇಕು. ಹಿತ್ತಾಳೆಯವೇ.

ಒಂದು ದಿನ ಇಳಿಹೊತ್ತಿನಲ್ಲಿ ದಾಕ್ಷಿ ಕಾರ್ಖಾನೆಗೆ ಬಂದಳು. ಗಂಡನ ಹೆಗಲು ಹಿಡಿದು ಕುಂಟುತ್ತಿದ್ದಳು. ಹಿಂದೆ ಇಬ್ಬರು ನಾನು ಕೊಟ್ಟ ಗಾಡಿಯನ್ನು ಎಳೆದು ತಂದರು.

"ಅಣ್ಣಾ, ಇದನ್ನ ನೀನೇ ಇಟ್ಕೋ," ಅಂದಳು.

ನನ್ನ ಮೈ ಉರಿಯಿತು. "ತವರಿಂದ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ತರ್ತಾರೇನೇ? ಏನಾಗಿದೆ ಇದಕ್ಕೆ?"

"ಇದಕ್ಕೇನೂ ಆಗಿಲ್ಲ, ನಂಗಾಗಿದೆ. ಮಂಡಿ ಹೋಯ್ತು. ಇನ್ನು ಗಾಡಿ ತಳ್ಳಿದ್ರೆ ನಡಿಯೋಕೂ ಆಗಲ್ಲ ಅಂತ ಡಾಕ್ಟ್ರು ಖಡಾಖಂಡಿತ ಹೇಳಿದಾರೆ. ಅಮಾವಾಸ್ಯೆವರೆಗೂ ಜಾಗ ಖಾಲಿ ಬಿದ್ರೆ ಬೇರೆಯವ್ರಿಗೆ ಕೊಡ್ತೀವಿ ಅಂತ ಮಾರ್ಕೆಟ್ಟಿನವ್ರು ಹೇಳಿ ಕಳಿಸಿದಾರೆ. ಗಾಡಿ ಇಟ್ಕೊಂಡು ನಾನೇನ್ ಮಾಡ್ಲಿ?"

"ನಾಲ್ಕು ಬ್ರೇಕ್ ಹಾಕಿ ಕೊಟ್ಟಿದ್ನಲ್ಲೇ!"

ದಾಕ್ಷಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಸಿಟ್ಟಿಗಿಂತ ಹೆಚ್ಚು ಆಶ್ಚರ್ಯ ಅವಳ ಮುಖದಲ್ಲಿತ್ತು. "ಅಣ್ಣಾ, ನಾನು ಹತ್ತೋಳು ಕಣೋ. ನಂಗೆ ಬ್ರೇಕ್ ಯಾಕೆ? ನಿನ್ನ ಹಿತ್ತಾಳೆನೆಲ್ಲ ಇಷ್ಟು ದಿನ ಹೊತ್ಕೊಂಡು ಹತ್ತಿದೀನಿ ನಾನು."

ಕಾರ್ಖಾನೆಯಲ್ಲಿ ಉಳಿ, ಬಾಚಿಯ ಸದ್ದು ನಿಂತಿತು. ಅಷ್ಟು ವರ್ಷ ಗಾಡಿ ಮಾಡಿದ್ದೇವೆ, ಹತ್ತುವವರಿಗೆ ಬ್ರೇಕು ಬೇಡ ಅನ್ನುವುದು ನಮ್ಮಲ್ಲಿ ಒಬ್ಬನ ತಲೆಗೂ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ಇವಳ ಕಣ್ಣಿಗೆ ನಮ್ಮ ಗಾಡಿ ಇನ್ನೂ ಹೇಗೆ ಹೇಗೆ ಕಾಣುತ್ತದೋ? ಸ್ಟೂಲು ಎಳೆದು ಅವಳನ್ನು ಕೂರಿಸಿದೆ, ಅದರ ಮೂಡಣ ಕಾಲಿಗೆ ಬೆಣೆ ಕೊಟ್ಟೆ.

"ಹಾಗಾದ್ರೆ ನಿಂಗೆ ಎಂಥ ಗಾಡಿ ಬೇಕು, ಹೇಳು. ಅಮಾವಾಸ್ಯೆಯೊಳಗೆ ಮಾಡಿಕೊಡ್ತೀನಿ," ಅಂದೆ.

"ಗಾಡಿ ಅಣ್ಣನ ಮನೇದೇ ಆಗ್ಬೇಕು ಅಂತೇನಿಲ್ಲ, ಹಗುರ ಇದ್ರೆ ಸಾಕು," ಎಂದು ನಕ್ಕಳು. ಆಮೇಲೆ ಹಣೆ ಒರೆಸಿಕೊಂಡು, "ಎಂಥದ್ದೂ ಬೇಡ ಬಿಡು. ಮಂಡಿ ಇಲ್ಲದೋಳಿಗೆ ಯಾವ ಗಾಡಿಯಾದ್ರೇನು," ಅಂದಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು.

ಮಾರನೆಯ ದಿನದಿಂದ ದಾಕ್ಷಿ ಇಳಿಹೊತ್ತಿಗೆ ಕಾರ್ಖಾನೆಗೆ ಬಂದು ಕೂರಬೇಕೆಂದು ನಾನು ಹಟ ಹಿಡಿದೆ. ದಾಯಾದಿಗಳಿಗೆ ಇದು ಸರಿಬರಲಿಲ್ಲ. ಗಾಡಿ ಮಾಡುವ ಕಡೆ ಇಡ್ಲಿ ಮಾಡುವವರಿಗೇನು ಕೆಲಸ ಎಂದು ಗುಸುಗುಸು ಎದ್ದಿತು. ಅಷ್ಟು ಸಾಲದೆಂಬಂತೆ ಖಾಜಾಬಿಯೂ ಸೇರಿಕೊಂಡರು. ಅವರು ಉದ್ದಬೀದಿಯ ನಡುಮಧ್ಯದಲ್ಲಿ ಮಗ್ಗ ಇಟ್ಟುಕೊಂಡ ಹಿರಿಯ ಹೆಂಗಸು. ನೂಲು ತರುವುದಕ್ಕೆ ಪಡುವಲಕೇರಿಗೆ ಇಳಿಯುತ್ತಾರೆ, ಸೀರೆ ಮಾರುವುದಕ್ಕೆ ಮೂಡಲಕೇರಿಗೆ ಹತ್ತುತ್ತಾರೆ, ಅಂದರೆ ಇಳಿಜಾರಿನವರೂ ಹೌದು, ಏರಿನವರೂ ಹೌದು. ಮಗ್ಗದ ಹಗ್ಗ ಓಡುವ, ಅಚ್ಚು ಸಡಿಲಾದ ಸಣ್ಣ ರಾಟೆಯೊಂದನ್ನು ರಿಪೇರಿಗೆ ತಂದವರು ನಮ್ಮ ಜಗಳ ಕೇಳಿ ಹೋಗಲೊಲ್ಲದೆ ಅಲ್ಲೇ ಕೂತರು.

ಜಗಳವೇ ಅದು, ಬೇರೆ ಹೆಸರಿಲ್ಲ. ದಾಕ್ಷಿ ಒಂದು ಹೇಳಿದರೆ ಮೌನಾಚಾರಿ ಇನ್ನೊಂದು. ಗಾಲಿ ದೊಡ್ಡದಾಗಲಿ ಅಂದಳು, ಗಾಲಿ ದೊಡ್ಡದಾದರೆ ಇಳಿಯುವಾಗ ಸಾಯುತ್ತೇವೆ ಅಂದ. ಹಿಡಿಕೆ ಎದೆಯ ಎತ್ತರಕ್ಕೆ ಬರಲಿ ಅಂದಳು, ಹಿಡಿಕೆ ಯಾತಕ್ಕೆ ಅಂದ. ಮೊದಲೆರಡು ದಿನ ಕೈಯಲ್ಲಿ ಹಿಡಿದ ಕೆಲಸ ಒಂದೂ ಮುಗಿಯಲಿಲ್ಲ. ನಾವು ನಾವೇ ಇದ್ದಾಗ ಮಾತು ಎಷ್ಟು ಬೇಗ ಮುಗಿಯುತ್ತಿತ್ತು ಎಂದು ನನಗೂ ಅನಿಸಿತು. ಆದರೆ ಮುಗಿದ ಮಾತಿನಿಂದ ಹುಟ್ಟಿದ್ದು ಗೆಜ್ಜೆ ಕಟ್ಟಿದ ಬ್ರೇಕು ತಾನೇ ಎಂದು ಸುಮ್ಮನಾದೆ.

ಮೂರನೆಯ ದಿನ ದಾಕ್ಷಿ ರೇಗಿಬಿಟ್ಟಳು. "ನಿಮ್ಮ ಗಾಲಿ, ಹಿಡಿಕೆ ಎಲ್ಲ ಹಾಳಾಗ್ಲಿ. ಮುಂದಿನಿಂದ ಯಾರಾದ್ರೂ ನನ್ನ ಎಳೀಬೇಕು. ಅಷ್ಟೇ ನಂಗೆ ಬೇಕಾಗಿರೋದು!"

ಮೌನಾಚಾರಿಯೂ ಬಿಡಲಿಲ್ಲ. ಬಲಗೈ ಎತ್ತಿ ತೋರಿಸಿದ. ಬೆರಳುಗಳು ಸೊಟ್ಟಗಾಗಿ ನಡುಗುತ್ತಿದ್ದವು. "ನಮ್ಮದೇನು ಸುಖ ಅಂದ್ಕೊಂಡಿದೀಯಾ ತಂಗೀ? ರಾತ್ರಿ ಅನ್ನ ಕಲಸೋಕೆ ಈ ಕೈಲಿ ಆಗಲ್ಲ. ವರ್ಷಕ್ಕೊಬ್ಬನಾದ್ರೂ ಬ್ರೇಕ್ ಸವೆದು ಗಿರಣಿ ಗೋಡೆಗೆ ಹೋಗಿ ಬಡೀತಾನೆ. ನಂಗೂ ಅಷ್ಟೇ, ಹಿಂದಿನಿಂದ ಯಾರಾದ್ರೂ ಹಿಡ್ಕೋಬೇಕು!"

ದಾಕ್ಷಿ ಅವನ ಕೈಯನ್ನೇ ನೋಡುತ್ತ ಕೂತಳು. ಇಳಿಜಾರಿನವರಿಗೂ ಒಂದು ನೋವಿದೆ ಎಂದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಮೂಲೆಯಲ್ಲಿ ಖಾಜಾಬಿ ಸೆರಗು ಬಾಯಿಗೆ ಒತ್ತಿ ನಗತೊಡಗಿದರು.

"ನೀವ್ಯಾಕೆ ನಗ್ತೀರಿ ಖಾಜಾಬಿ?" ಎಂದೆ.

"ಅಲ್ಲ ಆಚಾರ್ರೇ, ಇವಳಿಗೆ ಮುಂದಿನಿಂದ ಎಳೆಯೋರು ಬೇಕು, ಇವ್ರಿಗೆ ಹಿಂದಿನಿಂದ ಹಿಡಿಯೋರು ಬೇಕು. ಇಬ್ರೂ ಒಬ್ರನ್ನೊಬ್ರು ಹುಡುಕ್ತಾ ಇದ್ದೀರಿ, ಮತ್ತೆ ಕೂಗಾಟ ಯಾಕೆ? ನನ್ನ ಮಗ್ಗದಲ್ಲಿ ತುಳಿಯೋ ಹಲಗೆ ಎರಡಿವೆ. ಒಂದು ಕೆಳಗೆ ಹೋದ್ರೆ ಇನ್ನೊಂದು ಮೇಲೆ ಬರತ್ತೆ. ಎರಡಕ್ಕೂ ಒಂದೇ ಹಗ್ಗ, ಮೇಲೊಂದು ರಾಟೆ," ಎಂದು ತಾವು ರಿಪೇರಿಗೆ ತಂದಿದ್ದ ರಾಟೆಯನ್ನೇ ಎತ್ತಿ ಹಿಡಿದರು.

ನಾನು ಆ ರಾಟೆಯನ್ನು ಇಸಿದುಕೊಂಡೆ. ಅದಕ್ಕೊಂದು ದಾರ ಹಾಕಿ, ದಾರದ ಎರಡು ತುದಿಗೆ ಎರಡು ಉಳಿ ಕಟ್ಟಿ, ಹಲಗೆಯೊಂದನ್ನು ಓರೆಯಾಗಿಟ್ಟು ಅದರ ಮೇಲೆ ಬಿಟ್ಟೆ. ಒಂದು ಉಳಿ ಮೆಲ್ಲಗೆ ಇಳಿಯಿತು, ಇನ್ನೊಂದು ಮೆಲ್ಲಗೆ ಏರಿತು. ಬೆಳಿಗ್ಗೆ ನಾವು ಇಳಿಯುವ ಹೊತ್ತಿಗೇ ಅವರು ಏರುತ್ತಾರೆ, ಸಂಜೆಯೂ ಹಾಗೆಯೇ. ಒಂದೇ ಬೀದಿ, ಒಂದೇ ಹೊತ್ತು. ನಮ್ಮ ತಾತನ ಕಾಲದಿಂದ ಪಕ್ಕಪಕ್ಕದಲ್ಲೇ ಹಾದುಹೋಗುತ್ತಿದ್ದೇವೆ. ಉಳಿಯನ್ನು ಮತ್ತೆ ಮತ್ತೆ ಬಿಟ್ಟು ನೋಡಿದೆ. ಸುತ್ತ ನಿಂತವರೆಲ್ಲ ಚಿಕ್ಕ ಮಕ್ಕಳಂತೆ ನನಗೂ ಕೊಡು ನನಗೂ ಕೊಡು ಎಂದು ಕೈ ಚಾಚಿದರು.

ಮೌನಾಚಾರಿ ಮಾತ್ರ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಹೋದ. "ನಿಂಗಾ, ಸ್ವಲ್ಪ ಯೋಚನೆ ಮಾಡು. ಹಗ್ಗ ಬಂದ ಮೇಲೆ ಬ್ರೇಕ್ ಯಾರಿಗೆ ಬೇಕು? ಬ್ರೇಕ್ ಹೋದ್ರೆ ನಮ್ಮ ಹತ್ರ ಇನ್ನೇನಿದೆ? ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕ್ಕೊಳ್ಳೋದಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅಮಾವಾಸ್ಯೆ ಹತ್ತಿರ ಬರುತ್ತಿತ್ತು, ದಾಕ್ಷಿಯ ಜಾಗ ಖಾಲಿ ಇತ್ತು. "ಮೊದಲು ಅವಳು ಹತ್ಲಿ, ಆಮೇಲೆ ನೋಡೋಣ," ಎಂದೆ.

ಉದ್ದಬೀದಿಯ ಎರಡೂ ತುದಿಗೆ ಒಂದೊಂದು ಕಂಬ ನೆಟ್ಟೆವು. ಕಂಬದ ತಲೆಗೆ ದೊಡ್ಡ ಗಾಲಿಯೊಂದನ್ನು ಅಡ್ಡಡ್ಡ ಮಲಗಿಸಿದೆವು. ನಡುಬೀದಿಯ ನೇಕಾರರು ನೂಲೂ ನಾರೂ ಸೇರಿಸಿ ಹೊಸೆದುಕೊಟ್ಟ ಹಗ್ಗವನ್ನು ಎರಡೂ ಗಾಲಿಗಳಿಗೆ ಸುತ್ತು ಹಾಕಿ ತಂದೆವು. ಹಗ್ಗದ ಒಂದು ಮಗ್ಗುಲಿಗೆ ಇಳಿಯುವವನು ಕೊಕ್ಕೆ ಸಿಕ್ಕಿಸಿಕೊಳ್ಳುವುದು, ಇನ್ನೊಂದು ಮಗ್ಗುಲಿಗೆ ಹತ್ತುವವನು. ಇಷ್ಟೇ. ಬೀದಿಯ ಎರಡೂ ಕಡೆ ಜನ ಜಾತ್ರೆಯಂತೆ ಸೇರಿದರು.

ಮೂಡಲಕೇರಿಯ ತುದಿಯಲ್ಲಿ ಮೌನಾಚಾರಿ ಗಾಡಿ ಹತ್ತಿ ಕೂತ. ಕೆಳಗೆ ಪಡುವಲಕೇರಿಯಲ್ಲಿ ದಾಕ್ಷಿ ಇಡ್ಲಿ ಪಾತ್ರೆ, ಚಟ್ನಿ ಪಾತ್ರೆ, ಒಲೆ ಸಮೇತ ಕೂತಳು. ಮೌನಾಚಾರಿ ಬ್ರೇಕು ಬಿಟ್ಟ. ಏನೂ ಆಗಲಿಲ್ಲ. ಅವನು ಕಡ್ಡಿಯಂಥ ಮನುಷ್ಯ, ದಾಕ್ಷಿಯ ಗಾಡಿ ಅವನಿಗಿಂತ ಭಾರ. "ಹೋಗ್ತಿಲ್ಲ ಕಣ್ರೋ! ಇಳಿಜಾರು ನನ್ನ ಬಿಟ್ಬಿಟ್ಟಿದೆ!" ಎಂದು ಕಿರುಚಿದ. ಹುಟ್ಟಿದಾಗಿನಿಂದ ಇಳಿಜಾರು ಕೈಕೊಟ್ಟಿದ್ದನ್ನು ಕಾಣದವನು. ಕೊನೆಗೆ ಕೆಳಗಿಳಿದು ಗಾಡಿಯನ್ನು ಹಿಂದಿನಿಂದ ತಳ್ಳತೊಡಗಿದ. ಇಳಿಜಾರಿನವನು ಗಾಡಿ ತಳ್ಳುವುದನ್ನು ನೋಡಿ ಏರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಮಾನ ತಡೆಯಲಾರದೆ ದಾಯಾದಿಗಳು ಮೂವರು ಹಾರಿ ಅವನ ಗಾಡಿಯಲ್ಲಿ ಕೂತರು. ಈಗ ಗಾಡಿ ಸುಯ್ಯನೆ ಹೋಯಿತು. ಆ ಕಡೆ ದಾಕ್ಷಿಯ ಗಾಡಿಯೂ ಅಷ್ಟೇ ಜೋರಾಗಿ ಮೇಲಕ್ಕೆ ಹಾರಿತು. ಚಟ್ನಿ ಪಾತ್ರೆ ಬೀದಿ ಪಾಲಾಯಿತು. ದಾಕ್ಷಿ ಹೆದರಿ ಗಾಡಿಯಿಂದ ಹಾರಿದಳು, ಹಾರಿ ಅದೇ ಮಂಡಿಯ ಮೇಲೆ ಬಿದ್ದಳು. ಆಗ ಯಾರೂ ನಗಲಿಲ್ಲ.

ಅವಳ ಮನೆಯಲ್ಲಿ ಮಂಡಿಗೆ ಅರಿಶಿನದ ಪಟ್ಟು ಹಾಕಿ ಮಲಗಿಸಿದ್ದರು. ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ. ಖಾಜಾಬಿ ದರ್ಗಾದಲ್ಲಿ ಮಂತ್ರಿಸಿದ ಬೂದಿ ತಂದಿದ್ದರು. ಮೌನಾಚಾರಿ ಬಾಗಿಲಾಚೆಯೇ ನಿಂತಿದ್ದ, ಒಳಗೆ ಬರುವ ಮುಖ ಅವನಿಗಿರಲಿಲ್ಲ. ಅಮಾವಾಸ್ಯೆಗೆ ಇನ್ನು ಎರಡೇ ದಿನವಿತ್ತು.

"ಇನ್ನು ಬೇಡ ಕಣೇ, ನಾನು ಸೋತೆ," ಎಂದೆ.

"ತೂಕ ತಪ್ಪಿತು, ಅಷ್ಟೇ ತಾನೇ?" ಅಂದಳು ದಾಕ್ಷಿ, ಹಲ್ಲು ಕಚ್ಚಿ ನೋವು ತಡೆದುಕೊಂಡು.

ಬಾಗಿಲಾಚೆಯಿಂದ ಮೌನಾಚಾರಿ, "ಕಲ್ಲು ತುಂಬಿಸಿ ಸರಿದೂಗಿಸೋಣ," ಅಂದ.

"ಕಲ್ಲು ಹೊತ್ತು ಹಾಕೋಕೆ, ಇಳಿಸೋಕೆ ಮತ್ತಿಬ್ರು ಬೇಕು," ಅಂದರು ಖಾಜಾಬಿ. "ಇಳಿಯೋ ಜನ ಹೇಗೂ ಇಳೀತಾರಲ್ಲ. ಯಾರು ಯಾರಿಗೆ ಸರಿಹೋಗ್ತಾರೆ ಅಂತ ಗೊತ್ತಾದ್ರೆ ಆಯ್ತು."

"ಅದನ್ನ ಹೇಗೆ ತಿಳ್ಕೊಳ್ಳೋದು? ಊರಿಗೆ ಊರನ್ನೇ ತಕ್ಕಡಿಗೆ ಹಾಕೋದಾ?" ಎಂದೆ.

ದಾಕ್ಷಿ ದಿಂಬಿಗೆ ಒರಗಿ ಕೂತಳು. "ಗಿರಣಿಗೆ ಭತ್ತ ಒಯ್ಯೋ ರೇವಣ್ಣನವ್ರಿಗೆ ಕುಂಬಳಕಾಯಿ ಮಾರೋ ಗೌರಜ್ಜಿ ಗಾಡಿ ಸರಿ. ಅವ್ರಿಬ್ರೂ ಹೊರಡೋದು ಒಂದೇ ಹೊತ್ತಿಗೆ. ಗಿರಣಿ ಮೇಸ್ತ್ರಿಗೆ ಹೂವಿನ ಅಕ್ಕತಂಗೀರು ಇಬ್ರೂ ಸೇರಿದ್ರೆ ಸರಿ. ಮೌನಣ್ಣನಿಗೆ ಪೇಪರ್ ಹಾಕೋ ಮೇಷ್ಟ್ರ ಸೈಕಲ್ ಸಾಕು." ಹೀಗೆ ಹೇಳುತ್ತಲೇ ಹೋದಳು. ಮೂಡಲಕೇರಿಯವರ ಹೆಸರು, ಅವರು ಹೊರಡುವ ಹೊತ್ತು, ಹೊತ್ತುಕೊಂಡು ಹೋಗುವ ಸಾಮಾನು, ನಮ್ಮೊಳಗೆ ಯಾರ ಹೊಟ್ಟೆ ಎಷ್ಟು ಬಂದಿದೆ, ಎಲ್ಲ.

"ಇದೆಲ್ಲ ನಿಂಗೆ ಹೇಗೆ ಗೊತ್ತೇ?" ನನಗೆ ನಿಜಕ್ಕೂ ಬೆರಗಾಯಿತು.

"ಹತ್ತೋರಿಗೆ ಬೇರೇನಿದೆ ಕೆಲಸ? ನಾಲ್ಕು ಹೆಜ್ಜೆಗೊಂದ್ಸಲ ನಿಲ್ತೀವಿ, ಇಳಿಯೋರ ಮುಖ ನೋಡ್ತೀವಿ. ನೀವು ನೋಡಲ್ಲ. ನಿಮ್ಮ ಕಣ್ಣೆಲ್ಲ ಬ್ರೇಕ್ ಮೇಲೆ. ದಿನಾ ಬೆಳಿಗ್ಗೆ ನನ್ನ ಪಕ್ಕದಲ್ಲೇ ಹಾದು ಹೋಗ್ತಿದ್ದೆ ನೀನು. ಅಣ್ಣಾ ಅಂತ ಕೂಗ್ತಿದ್ದೆ. ಒಂದು ದಿನಾನೂ ನೋಡ್ಲಿಲ್ಲ. ಇವನಿಗೆ ಸೊಕ್ಕು ಅಂದ್ಕೊಂಡಿದ್ದೆ."

ಅವಳ ಮಂಡಿಯ ಪಟ್ಟು ಸರಿಮಾಡುತ್ತ, "ನೀನ್ಯಾಕೆ ಮನೆಗೆ ಬರೋದು ಬಿಟ್ಟೆ?" ಎಂದು ಕೇಳಿದೆ.

"ಆ ಏರು ಹತ್ತಿ ನಿಂತ ಮೇಲೆ ಇನ್ನೊಂದು ತಿರುವು ನಡೆಯೋ ಶಕ್ತಿ ಎಲ್ಲಿರುತ್ತೋ? ಒಲೆ ಪಕ್ಕ ಕೂತು ಕಾಲು ಒತ್ಕೊಳ್ತಿದ್ದೆ. ಅಷ್ಟರಲ್ಲಿ ಗಂಟೆ ಹೊಡೀತಿತ್ತು." ಇಷ್ಟು ಹೇಳಿ ಅವಳೇ ಮಾತು ತಿರುಗಿಸಿದಳು. "ನನ್ನ ಗಾಡಿಗೆ ಯಾರು ಸರಿ ಅಂತ ಕೇಳಲ್ವಾ?"

"ಯಾರು?"

"ನೀನೇ. ನಾನು, ಒಲೆ, ಇಡ್ಲಿ ಪಾತ್ರೆ ಎಲ್ಲ ಸೇರಿದ್ರೆ ಸರಿಯಾಗಿ ನೀನಾಗ್ತೀಯ. ನಿನ್ನ ಹೊಟ್ಟೆ ಸೇರಿಸಿಯೇ ಹೇಳ್ತಿದೀನಿ. ಬರುವಾಗ ಪಾತ್ರೆ ಖಾಲಿ ಇರುತ್ತೆ, ಅದಕ್ಕೆ ಒಂದು ಮೂಟೆ ಅಕ್ಕಿ ಕೊಂಡು ಹಾಕ್ಕೋತೀನಿ."

ಅಮಾವಾಸ್ಯೆಯ ದಿನ ಬೆಳಿಗ್ಗೆ ನಾನು ಮೂಡಲಕೇರಿಯ ಕಂಬದ ಬಳಿ ಗಾಡಿ ಹತ್ತಿದೆ. ಬ್ರೇಕು ಕಿತ್ತುಹಾಕು, ಹಗ್ಗಕ್ಕೆ ತೊಡಕು ಎಂದು ಖಾಜಾಬಿ ಹೇಳಿದ್ದರು. ಉಳಿದೆಲ್ಲ ಗಾಡಿಗಳಿಂದ ಕಿತ್ತಿದ್ದೆವು. ನನ್ನ ಗಾಡಿಯದನ್ನು ಕೀಳಲು ಮನಸ್ಸು ಬರಲಿಲ್ಲ, ನಮ್ಮ ತಾತ ಕೈಯಾರೆ ಮಾಡಿದ್ದು. ಅದರ ಮೇಲೊಂದು ಗೋಣಿ ಹೊದಿಸಿ ಕೂತೆ. ಕೆಳಗೆ ಅವಳು ಸಿಕ್ಕಿಸಿಕೊಂಡದ್ದಕ್ಕೆ ಗುರುತಾಗಿ ಹಗ್ಗ ಒಮ್ಮೆ ಜಗ್ಗಿತು. ನಾನು ನೆಲದಿಂದ ಕಾಲೆತ್ತಿದೆ.

ಗಾಡಿ ಮೆಲ್ಲಗೆ, ಬಹಳ ಮೆಲ್ಲಗೆ ಹೊರಟಿತು. ಜೀವನದಲ್ಲಿ ಮೊದಲ ಸಲ ನನ್ನ ಬಲಗೈಗೆ ಕೆಲಸವಿರಲಿಲ್ಲ. ಅದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ತೊಡೆಯ ಮೇಲಿಟ್ಟುಕೊಂಡೆ. ಬೀದಿಯಲ್ಲಿ ಎಷ್ಟೊಂದು ಮನೆಗಳಿದ್ದವು! ಒಂದರ ಬಾಗಿಲಿಗೆ ನಮ್ಮ ಅಪ್ಪನೇ ಕೆತ್ತಿದ ಗಿಳಿಗಳಿದ್ದವು. ದಿನವೂ ಆ ಬಾಗಿಲ ಮುಂದೆಯೇ ಜಾರಿಹೋಗಿದ್ದೇನೆ, ನೋಡಿದ್ದು ಅವತ್ತೇ. ಹತ್ತುವ ಜನ ಪಕ್ಕಕ್ಕೆ ಸರಿದು ನಿಂತು ನೋಡುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಮುಖವಿತ್ತು.

ಖಾಜಾಬಿಯ ಮನೆಯ ಹತ್ತಿರ ಬಂದಾಗ ಎದುರಿನಿಂದ ದಾಕ್ಷಿಯ ಗಾಡಿ ಏರಿ ಬರುವುದು ಕಂಡಿತು. ಅವಳು ಒಲೆಯ ಪಕ್ಕ ಕಾಲು ನೀಡಿಕೊಂಡು ಕೂತಿದ್ದಳು. ಮುಖದಲ್ಲಿ ಒಂದು ಹನಿ ಬೆವರಿಲ್ಲ. ಹತ್ತುವವರ ಮುಖ ಹಾಗೂ ಇರಬಹುದು ಎಂದು ಬೀದಿಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಮದುವೆಗೆ ಮುಂಚೆ ಇದ್ದಳಲ್ಲ, ಹಾಗೇ ಕಂಡಳು.

"ಅಣ್ಣಾ!" ಎಂದು ಕೂಗಿದಳು.

ಅವಳು ನನ್ನ ಪಕ್ಕಕ್ಕೆ ಬಂದಳು. ಇನ್ನೊಂದು ಗಳಿಗೆ ಹೋದರೆ ಅವಳು ಮೇಲೆ, ನಾನು ಕೆಳಗೆ. ಕೈ ತಾನಾಗಿ ಗೋಣಿಯ ಕೆಳಗೆ ಹೋಯಿತು. ಬ್ರೇಕು ಹಿಡಿದೆ. ನನ್ನ ಗಾಡಿ ನಿಂತಿತು, ಹಗ್ಗ ನಿಂತಿತು, ಅವಳ ಗಾಡಿಯೂ ನಿಂತಿತು.

"ಏನಾಯ್ತೋ? ಯಾಕೆ ನಿಲ್ಸಿದೆ?"

"ಏನಿಲ್ಲ ಕಣೇ. ಸ್ವಲ್ಪ ನಿಲ್ಲು," ಎಂದೆ.

ಕಂಬದ ಹತ್ತಿರ ಸರದಿಗೆ ಕಾಯುತ್ತಿದ್ದವರು ಮೇಲಿಂದಲೂ ಕೆಳಗಿಂದಲೂ ಕೂಗತೊಡಗಿದರು. ದಾಕ್ಷಿಗೆ ಅರ್ಥವಾಯಿತು ಅಂತ ಕಾಣುತ್ತದೆ, ಮತ್ತೇನೂ ಕೇಳಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ಬಿಸಿ ಇಡ್ಲಿಯೊಂದನ್ನು ನನ್ನ ಅಂಗೈಗೆ ಹಾಕಿದಳು.

"ಇವತ್ತು ಮನೆಗೆ ಹೋಗಿ ಬಾ," ಎಂದೆ, ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ. "ನಿನ್ನ ಅತ್ತಿಗೆ ಕಾಯ್ತಿರ್ತಾಳೆ."

"ಹೋಗ್ತೀನಿ. ಆದ್ರೆ ನೀನಿರಲ್ವಲ್ಲೋ. ನಾನು ಅಲ್ಲಿಗೆ ಹತ್ಬೇಕಾದ್ರೆ ನೀನು ಇಲ್ಲಿಗೆ ಇಳೀಲೇಬೇಕು." ಅವಳು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾವಿಬ್ರು ಸಿಗೋದು ಇನ್ನು ಇಲ್ಲೇ ಅಂತ ಕಾಣತ್ತೆ."

"ಇಲ್ಲೇ ಸಿಗೋಣ. ದಿನಾ ನಿಲ್ಲಿಸ್ತೀನಿ."

"ಬ್ರೇಕ್ ಬಿಡು ಈಗ, ಇಡ್ಲಿ ಆರತ್ತೆ. ಜಾಗ ಹೋದೀತು," ಅಂದಳು. ಬಿಟ್ಟೆ. ಅವಳು ಏರುತ್ತ ಹೋದಳು. ಗಂಟೆ ಹೊಡೆಯುವುದರೊಳಗೆ ಅವಳ ಒಲೆ ಮಾರುಕಟ್ಟೆ ಬಾಗಿಲಲ್ಲಿ ಉರಿಯುತ್ತಿತ್ತಂತೆ. ಆಮೇಲೆ ನಮ್ಮ ಮನೆಗೆ ಹೋಗಿ, ಹೊಸ್ತಿಲು ದಾಟಿ, ಮಂಚದ ಬೆಣೆಯನ್ನು ತಾನೇ ಬದಲಿಸಿ ಬಂದಳಂತೆ. ನನ್ನ ಹೆಂಡತಿ ಸಂಜೆ ಹೇಳಿದಳು.

ಈಗ ಉದ್ದಬೀದಿಯಲ್ಲಿ ಎಲ್ಲರಿಗೂ ಒಬ್ಬೊಬ್ಬರು ಹಗ್ಗದ ಜೊತೆಗಾರರಿದ್ದಾರೆ. ರೇವಣ್ಣನವರಿಗೆ ಜ್ವರ ಬಂದರೆ ಗೌರಜ್ಜಿಗೆ ಮೊದಲು ಗೊತ್ತಾಗುತ್ತದೆ. ನಡುಬೀದಿಯಲ್ಲಿ ಜೊತೆಗಾರರು ಎದುರಾದಾಗ ನಿಂತು ಒಂದು ಮಾತಾಡಿ ಹೋಗಬೇಕೆಂಬ ಆಸೆ ಈಗ ಎಲ್ಲರಿಗೂ ಹತ್ತಿದೆ. ಮಾರುಕಟ್ಟೆ ರಜೆಯ ದಿನಕ್ಕೆಂದು ಕಾರ್ಖಾನೆಯಲ್ಲಿ ದಾಕ್ಷಿಗೂ ಖಾಜಾಬಿಗೂ ಒಂದೊಂದು ಸ್ಟೂಲು ಖಾಯಂ ಆಗಿದೆ, ಜಗಳವೂ ಖಾಯಂ. ಪಡುವಲಕೇರಿಯವರು ಗಾಡಿ ಕೊಳ್ಳಲು ಬರುತ್ತಾರೆ, ಮೌನಾಚಾರಿಗೆ ಕೈತುಂಬ ಕೆಲಸ. ಮೊನ್ನೆ ಕುಂಬಳಕಾಯಿಯ ಗೌರಜ್ಜಿ ಬಂದು, ಹೊಸ ಗಾಡಿಯೊಂದನ್ನು ಸುತ್ತಿ ಸುತ್ತಿ ನೋಡಿದಳು. ಹುಟ್ಟಿದಾಗಿನಿಂದ ಏರಿದವಳು. ಗಾಲಿ ನೋಡಲಿಲ್ಲ, ಹಿಡಿಕೆ ನೋಡಲಿಲ್ಲ.

"ಎಲ್ಲ ಸರಿ ಕಣಪ್ಪಾ," ಅಂದಳು, "ಬ್ರೇಕ್ ಇದೆ ತಾನೇ?"